ಕಡ್ಲೆಹಿಟ್ಟಿನ ಬಣ್ಣದ ಖಾಕಿ

ಮೂಡಲಪಾಳ್ಯ, ಬೆಂಗಳೂರು
ನವೆಂಬರ್ ೧೭, ಸೋಮವಾರ

ಮುದ್ದು ಕೀರ್ತೂ,

ಮೊದಲು ಅಮ್ಮನದೊಂದು ಸೆಲ್ಯೂಟ್ ತಗೋ. ಮೊಣಕೈ ಸರಿಯಾದ ಕೋನದಲ್ಲಿದೆಯಾ ಅಂತ ಅಲ್ಲಿಂದ ಪರೀಕ್ಷೆ ಮಾಡಬೇಡ, ಈಗ ತಾನೇ ಅಕ್ಕಿರೊಟ್ಟಿ ತಟ್ಟಿ ಕೈ ತೊಳೆದು ಕೂತಿದ್ದೇನೆ.

ಫೋನ್ ಇರುವಾಗ ಕಾಗದ ಯಾಕಮ್ಮ ಅಂತೀಯ. ನಿಮ್ಮ ಟ್ರೈನಿಂಗಿನಲ್ಲಿ ಭಾನುವಾರ ಮಾತ್ರ ಫೋನು ಕೈಗೆ ಕೊಡುತ್ತಾರೆ, ಅದೂ ಚೂರು ಹೊತ್ತು. ಆ ಚೂರು ಹೊತ್ತಿನಲ್ಲಿ ನಿಮ್ಮಪ್ಪ ನನ್ನ ಪಕ್ಕದ ತುಳಸಿ ಕುಂಡಕ್ಕೆ ನೀರು ಹಾಕುತ್ತಾ ನಿಂತಿರುತ್ತಾರೆ. ನೀನು ಪಿಎಸ್ಐ ಟ್ರೈನಿಂಗಿಗೆ ಅಂತ ಮೈಸೂರಿನ ಬಸ್ಸು ಹತ್ತಿದ ದಿನದಿಂದ ನಿನ್ನ ಜೊತೆ ಮಾತು ಬಿಟ್ಟಿರುವ ಮನುಷ್ಯನಿಗೆ, ಸರಿಯಾಗಿ ನಿನ್ನ ಫೋನು ಬಂದಾಗಲೇ ತುಳಸಿಗೆ ಬಾಯಾರುವುದು ಹೇಗೆ ತಿಳಿಯುತ್ತದೋ ಆ ಮುನೇಶ್ವರನಿಗೇ ಗೊತ್ತು. ಗಿಡ ಗದ್ದೆಯಲ್ಲಿ ನೆಟ್ಟ ಹಾಗಾಗಿದೆ. ಅವರ ವಿಷಯವನ್ನು ಅವರ ಎದುರೇ ಹೇಳುವುದಕ್ಕಾಗದೆ ಪೆನ್ನು ಹಿಡಿದಿದ್ದೇನೆ.

ವಿಷಯ ಏನೆಂದರೆ, ನಿಮ್ಮಪ್ಪ ಸೆಕ್ಯೂರಿಟಿ ಏಜೆನ್ಸಿ ತೆರೆಯುತ್ತಿದ್ದಾರೆ. ನಗಬೇಡ. ಪಕ್ಕದಲ್ಲಿ ಯಾರಾದರೂ ಆಫೀಸರು ಇದ್ದರೆ ಖಂಡಿತ ನಗಬೇಡ, ಯಾಕಂತ ಮುಂದೆ ಗೊತ್ತಾಗುತ್ತದೆ.

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಫಕೀರೇಶ ನಿನಗೆ ನೆನಪಿರಬೇಕು, ಗದಗಿನ ಕಡೆಯವನು, ಅಪಾರ್ಟ್‌ಮೆಂಟೊಂದರಲ್ಲಿ ಗಾರ್ಡ್ ಆಗಿದ್ದ. ಅವನನ್ನು ಇಟ್ಟುಕೊಂಡಿದ್ದ ಏಜೆನ್ಸಿಗೆ ಲೈಸೆನ್ಸೇ ಇರಲಿಲ್ಲವಂತೆ. ಯಾರೋ ಕೇಳಿದ ದಿನವೇ ಬೋರ್ಡು ಇಳಿಸಿ ಮಾಯವಾದರು. ಫಕೀರೇಶ ಮತ್ತು ಅವನ ಜೊತೆಯವರು ಒಂದಿಷ್ಟು ಜನ ಬೀದಿಗೆ ಬಿದ್ದರು. ಅವನು ನಮ್ಮ ಮೆಟ್ಟಿಲ ಮೇಲೆ ಮಂಕಾಗಿ ಕೂತಿದ್ದನ್ನು ನೋಡಿ ನಿಮ್ಮಪ್ಪ, ಏಳಯ್ಯಾ, ನಾನೇ ಒಂದು ಏಜೆನ್ಸಿ ಮಾಡ್ತೀನಿ, ನೀನೇ ಸೂಪರ್‌ವೈಸರು ಅಂದುಬಿಟ್ಟರು. ಮಗಳು ಮಾತು ಕೇಳಲಿಲ್ಲ, ಹೆಂಡತಿ ಯಾವತ್ತೂ ಕೇಳಿದವಳಲ್ಲ, ದುಡ್ಡು ಕೊಟ್ಟಾದರೂ ಒಂದು ಹತ್ತು ಜನ ಕೇಳುವವರನ್ನು ಇಟ್ಟುಕೊಳ್ಳೋಣ ಅಂತ ಇರಬೇಕು ಅಂದುಕೊಂಡೆ. ಹೆಸರು 'ಶ್ರೀ ಮುನೇಶ್ವರ ಸೆಕ್ಯೂರಿಟಿ ಸರ್ವೀಸಸ್'. ಊರು ಕಾಯೋ ದೇವರು, ಅವನಿಗಿಂತ ಬೇಕಾ ಅಂದರು.

ಮುನೇಶ್ವರನಿಗೆ ಯಾರೂ ಲೈಸೆನ್ಸ್ ಕೇಳಿಲ್ಲ ಅನ್ನುವುದು ಅವರ ಮೊದಲ ವಾದ. ನಿಮಗೆ ಕೇಳ್ತಾರೆ ಅನ್ನುವುದು ನನ್ನ ವಾದ. ಚಂದ್ರಾ ಲೇಔಟಿನ ಸೈಬರ್ ಸೆಂಟರಿಗೆ ಹೋಗಿ ಕಾಯ್ದೆ, ನಿಯಮ ಎಲ್ಲಾ ಪ್ರಿಂಟ್ ಹಾಕಿಸಿಕೊಂಡು ಬಂದು, ಸಂಜೆ ದೀಪ ಹಚ್ಚಿದ ಮೇಲೆ ಪಾರಾಯಣಕ್ಕೆ ಕೂತೆ. ನಿಜ ಹೇಳುತ್ತೇನೆ ಕೀರ್ತೂ, ಓದುತ್ತಾ ಓದುತ್ತಾ ನನಗೆ ರುಚಿ ಹತ್ತಿಬಿಟ್ಟಿತು. ದಿನಾ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವರನ್ನು ನೋಡುತ್ತೇವಲ್ಲ, ಆ ಕುರ್ಚಿಯ ಹಿಂದೆ ಇಷ್ಟು ದೊಡ್ಡ ಶಾಸ್ತ್ರ ಇದೆ ಅಂತ ನನಗೇನು ಗೊತ್ತು!

ಸರ್ಕಾರದ ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸುವ ಹಾಗೇ ಇಲ್ಲ. ಮಾಲೀಕನ ನಡತೆ ಹೇಗಿದೆ ಅಂತ ಪೊಲೀಸರು ಬಂದು ವಿಚಾರಿಸಬೇಕು. ಗಾರ್ಡುಗಳದ್ದೂ ವಿಚಾರಿಸಬೇಕು. ಅವರಿಗೆ ಇಂತಿಷ್ಟು ಎತ್ತರ, ಇಂತಿಷ್ಟು ಎದೆಯ ಸುತ್ತಳತೆ ಇರಬೇಕು. ಕಣ್ಣು ಚೆನ್ನಾಗಿರಬೇಕು, ಅದರಲ್ಲೂ ಬಣ್ಣ ಗುರುತಿಸುವುದಕ್ಕೆ ಬರಬೇಕು. ಓಡಬೇಕು. ತರಬೇತಿ ಮುಗಿಸಿರಬೇಕು. ಶೂ ಲೇಸು ಕಟ್ಟುವಂಥದ್ದೇ ಆಗಬೇಕು, ವಿಷಲ್ ಎಡಗಡೆ ಜೇಬಿನಲ್ಲೇ ಇರಬೇಕು, ಬಟ್ಟೆ ಬಿಗಿಯೂ ಇರಬಾರದು, ದೊಗಳೆಯೂ ಇರಬಾರದು. ನಿನ್ನನ್ನು ನೋಡುವುದಕ್ಕೆ ಬಂದಿದ್ದ ಆ ಕೆಂಗೇರಿಯವರೂ ಇಷ್ಟೊಂದು ಕೇಳಿರಲಿಲ್ಲ ಕಣೇ.

(ಆ ಹುಡುಗನಿಗೆ ಬೇರೆ ಕಡೆ ಗೊತ್ತಾಯಿತು. ನಿಮ್ಮಪ್ಪ ಲಗ್ನಪತ್ರಿಕೆಯನ್ನು ನೋಡಿ, ಫೋಟೋದಲ್ಲಿ ಹುಡುಗ ಎಷ್ಟು ಕುಳ್ಳ ಕಾಣ್ತಾನೆ ನೋಡು ಅಂದರು. ಆವತ್ತು ನೀನು ಟ್ರೈನಿಂಗೇ ಬೇಕು ಅಂತ ಅದೇ ಹುಡುಗನನ್ನು ಬೇಡ ಅಂದಿದ್ದಕ್ಕೆ ನಿನ್ನ ಮೇಲೆ ಕೂಗಾಡಿದ್ದನ್ನು ಜ್ಞಾಪಿಸಲಿಲ್ಲ ನಾನು. ನನಗೂ ಕೆಲವು ಸಲ ದಯೆ ಬರುತ್ತದೆ.)

ಅರ್ಜಿ ಹಾಕಿದೆವು. ಫಕೀರೇಶ ಮತ್ತು ಹುಡುಗರನ್ನು ವಿಜಯನಗರದ ಹತ್ತಿರ ಒಂದು ಕಡೆ ತರಬೇತಿಗೆ ಸೇರಿಸಿದೆವು. ಇಲ್ಲಿಯ ತನಕ ಎಲ್ಲಾ ಸುಸೂತ್ರ. ಆಮೇಲೆ ನಿಮ್ಮಪ್ಪ ಒಂದು ಕೆಲಸ ಮಾಡಿದರು. ಲೈಸೆನ್ಸು ಇನ್ನೂ ಎಲ್ಲೋ ಇರುವಾಗಲೇ ನನಗೊಂದು ಮಾತೂ ಹೇಳದೆ ಅಷ್ಟೂ ಜನರಿಗೆ ಯೂನಿಫಾರ್ಮ್ ಹೊಲಿಸಿಕೊಂಡು ಬಂದರು. ಅದೂ ಸರಿಯಾಗಿ ಆಯುಧಪೂಜೆಯ ಬೆಳಿಗ್ಗೆ. ನಮ್ಮ ಸ್ಕೂಟರು, ಈಳಿಗೆಮಣೆ, ಮಿಕ್ಸಿಯ ಪಕ್ಕದಲ್ಲಿ ಆ ಅಂಗಿ ಪ್ಯಾಂಟುಗಳ ರಾಶಿ. ಪ್ರತಿ ಅಂಗಿಯ ಮೂಲೆಗೂ ನನ್ನ ಕೈಯಲ್ಲೇ ಅರಿಶಿನ ಹಚ್ಚಿಸಿದರು, ಕುಂಬಳಕಾಯಿ ಒಡೆದರು. ನಾನೋ, ಚಿತ್ರಾನ್ನದ ಒಗ್ಗರಣೆ ಸೀದುಹೋಗುತ್ತದೆ ಅನ್ನುವ ಗಡಿಬಿಡಿಯಲ್ಲಿ ಬಟ್ಟೆಯನ್ನು ಸರಿಯಾಗಿ ನೋಡಲೂ ಇಲ್ಲ.

ಹಂಚುವಾಗ ಒಂದು ಅಂಗಿ ಯಾರಿಗೂ ಆಗಲಿಲ್ಲ. ಹೆಗಲು ಕಿರಿದು, ತೋಳು ಗಿಡ್ಡ. ಎಲ್ಲರೂ ಹಾಕಿ ನೋಡಿ ಬಿಚ್ಚಿದರು. ಇದನ್ನ ಹಾಕ್ಕೊಳ್ಳೋ ಗಾರ್ಡು ಎತ್ತರದ ಪರೀಕ್ಷೆಯಾಗ ಫೇಲ್ ಆಗ್ತಾನ್ರಿ ಅಂತ ಫಕೀರೇಶ ನಕ್ಕ. ನಿಮ್ಮಪ್ಪ ಅದನ್ನು ಕಿತ್ತುಕೊಂಡು, ಇರ್ಲಿ ಬಿಡು, ಸ್ಪೇರು ಅಂದರು.

ಅದಾದ ಮೇಲೆ ಒಂದು ದಿನ ತರಬೇತಿಯವರು, ಇವತ್ತು ಯೂನಿಫಾರ್ಮ್ ಸರಿಯಾಗಿ ತೊಡುವ ಪಾಠ, ಹಾಕಿಕೊಂಡೇ ಬನ್ನಿ ಅಂದರಂತೆ. ಹುಡುಗರು ಠೀವಿಯಲ್ಲಿ ಹೊರಟರು. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೇಳಲೇ ಇಲ್ಲವಂತೆ. ಫಕೀರೇಶ ತಾನಾಗಿ ಕೇಳಿದರೆ, ಏನ್ ಸಾರ್ ತಮಾಷೆ ಮಾಡ್ತೀರಾ ಅಂತ ಸೀಟು ಬಿಡಿಸಿಕೊಟ್ಟನಂತೆ. ಇವನು ಕೂರದೆ ಇಳಿಯುವ ತನಕ ನಿಂತೇ ಹೋದನಂತೆ.

ಈ ತರಬೇತಿಯಲ್ಲಿ ಪೊಲೀಸು, ಮಿಲಿಟರಿಯವರ ಹೆಗಲ ಮೇಲಿನ ಗುರುತು ನೋಡಿ ಯಾರು ಯಾವ ದರ್ಜೆ ಅಂತ ಹೇಳುವುದನ್ನೂ ಕಲಿಸುತ್ತಾರೆ, ಅದು ನಿಯಮದಲ್ಲೇ ಇದೆ. ಮೇಷ್ಟರು ರಿಟೈರಾದ ಹವಾಲ್ದಾರರು. ಬೋರ್ಡಿನ ಕಡೆ ತಿರುಗಿ, ಒಂದು ಸ್ಟಾರು, ಕೆಂಪು ನೀಲಿ ಪಟ್ಟಿ ಇದ್ದರೆ ಎಎಸ್ಐ, ಎರಡು ಸ್ಟಾರಾದರೆ ಪಿಎಸ್ಐ ಅಂತ ಬಿಡಿಸುತ್ತಿದ್ದಾರೆ. ಇಡೀ ಬೆಂಚು ಬೋರ್ಡು ನೋಡುವುದು ಬಿಟ್ಟು ಅವರವರ ಹೆಗಲು ನೋಡಿಕೊಳ್ಳುತ್ತಿದೆ. ಫಕೀರೇಶ ಕೈಯೆತ್ತಿ, ಸರ್, ಹಂಗಾದ್ರ ನಾ ಸಬ್ ಇನ್ಸ್‌ಪೆಕ್ಟರ್ ಏನ್ರಿ ಅಂತ ಕೇಳಿದ. ಮೇಷ್ಟರ ಕೈಯಿಂದ ಚಾಕ್‌ಪೀಸು ಬಿತ್ತಂತೆ.

ಹೌದು ಕಣೇ. ಖಾಕಿ. ಹೆಗಲಿಗೆ ಎರಡೆರಡು ಸ್ಟಾರು, ತುದಿಗೆ ಕೆಂಪು ನೀಲಿ ಪಟ್ಟಿ. ಅಷ್ಟೂ ಜನಕ್ಕೆ. ನಮ್ಮ ಮೆಟ್ಟಿಲ ಮೇಲೆ ಒಂದು ಇಡೀ ಠಾಣೆಗೆ ಬೇಕಾದಷ್ಟು ಪಿಎಸ್ಐಗಳು ಚಪ್ಪಲಿ ಬಿಡುತ್ತಿದ್ದರು, ಕಾನ್‌ಸ್ಟೇಬಲ್ ಒಬ್ಬನೂ ಇರಲಿಲ್ಲ.

ಫಕೀರೇಶ ಬಂದು, ಅಕ್ಕಾರ, ಇದು ಜೇಲಿಗೆ ಹೋಗೂ ಅಂಗಿರಿ ಅಂತ ಅಂಗಿಯನ್ನು ಕತ್ತೆಯ ಕಿವಿ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ನನ್ನ ಮುಂದೆ ಇಟ್ಟ. ಮತ್ತೆ ಪಾರಾಯಣಕ್ಕೆ ಕೂತೆ. ಇಪ್ಪತ್ತೊಂದನೇ ಸೆಕ್ಷನ್ನಿನಲ್ಲಿ ಸಿಕ್ಕಿತು. ಸೈನ್ಯದವರ, ಪೊಲೀಸರ ಸಮವಸ್ತ್ರವನ್ನಾಗಲಿ, ನೋಡುವುದಕ್ಕೆ ಹಾಗೆ ಕಾಣುವ ಬಟ್ಟೆಯನ್ನಾಗಲಿ ಗಾರ್ಡು ತೊಟ್ಟರೆ ತೊಟ್ಟವನಿಗೂ ಏಜೆನ್ಸಿಯ ಮಾಲೀಕನಿಗೂ ಶಿಕ್ಷೆ. ಒಂದು ವರ್ಷದ ತನಕ ಜೈಲು, ಇಲ್ಲ ದಂಡ, ಇಲ್ಲ ಎರಡೂ.

ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದೆಲ್ಲಿ ಖಾಕಿ, ಕಡ್ಲೆಹಿಟ್ಟಿನ ಬಣ್ಣ ಅಂದರು. ಬಣ್ಣ ಗುರುತಿಸುವ ಪರೀಕ್ಷೆ ಮಾಲೀಕರಿಗೂ ಇಡಬೇಕಿತ್ತು, ಕಾಯ್ದೆ ಬರೆದವರು ಅಷ್ಟು ದೂರ ಯೋಚಿಸಿಲ್ಲ. ಸ್ಟಾರು ಯಾಕೆ ಅಂದರೆ, ದೀಪಾವಳಿಗೆ ನಕ್ಷತ್ರ ಕಟ್ಟಲ್ವಾ, ಅದಕ್ಕೂ ಕೇಸ್ ಹಾಕ್ತಾರಾ ಅಂದರು. ಬದಲಾಯಿಸಿ ಅಂದರೆ, ಪೂಜೆಯಾಗಿರೋ ಬಟ್ಟೆ ಕಣೇ, ಅರಿಶಿನ ಬಿದ್ದಿದೆ, ಬದಲಾಯಿಸೋ ಹಾಗಿಲ್ಲ ಅಂತ ಎದ್ದು ಹೋದರು.

ನನಗೆ ಕುತೂಹಲ ಹುಟ್ಟಿದ್ದು ಇಲ್ಲೇ. ನಿಮ್ಮಪ್ಪ ಹಟಮಾರಿ, ಆದರೆ ಕಾರಣವಿಲ್ಲದ ಹಟ ಅವರದ್ದಲ್ಲ. ಮನೆಗೆ ಬಣ್ಣ ಹೊಡೆಸುವಾಗ ಯಾವ ಬಣ್ಣ ಅಂತ ನನ್ನನ್ನೇ ಕೇಳಿದವರು. ಈ ಒಂದು ಬಣ್ಣದ ಮೇಲೆ ಇಷ್ಟು ವ್ಯಾಮೋಹ ಎಲ್ಲಿಂದ ಬಂತು?

ಅಷ್ಟರಲ್ಲಿ ವಿಚಾರಣೆಗೆ ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಬಂದರು. ಒಳ್ಳೆಯ ಮನುಷ್ಯ, ಸಕ್ಕರೆ ಇಲ್ಲದ ಕಾಫಿ. ಮನೆಯಲ್ಲಿ ಯಾರ್ಯಾರಿದ್ದೀರಾ ಅಂದರು. ನಿಮ್ಮಪ್ಪ, ನಾನು, ಇವಳು, ಒಬ್ಬಳು ಮಗಳು ಅಂದರು. ಏನ್ ಮಾಡ್ತಾರೆ ಮಗಳು? ಮೈಸೂರಲ್ಲಿದಾಳೆ. ಏನ್ ಮಾಡ್ಕೊಂಡು? ಅವಳ ಕೆಲಸ ಅವಳು ಮಾಡ್ಕೊಂಡು. ನಿನ್ನ ಹೆಸರು ಹೇಳಿದ್ದರೆ ಆ ಕ್ಷಣಕ್ಕೆ ಕಾಫಿಯ ಜೊತೆ ನೆಂಟಸ್ತನವೂ ಶುರುವಾಗುತ್ತಿತ್ತು. ಹೇಳಲಿಲ್ಲ. ನಿನ್ನ ಮೇಲಿನ ಕೋಪವಾ, ಅಥವಾ ನಿನ್ನ ಹೆಸರು ಹೇಳಿ ಕೆಲಸ ಮಾಡಿಸಿಕೊಳ್ಳಬಾರದು ಅಂತಲಾ? ಇದನ್ನೂ ಗಂಟು ಕಟ್ಟಿಟ್ಟುಕೊಂಡೆ.

ಆಗ ಫಕೀರೇಶ ಮೆಟ್ಟಿಲಿಳಿದು ಬಂದ. ಅವನ ಬೇರೆ ಬಟ್ಟೆಯೆಲ್ಲಾ ತಂತಿಯ ಮೇಲೆ ಒದ್ದೆ. ಮೈಮೇಲೆ ಅದೇ ಅಂಗಿ. ಹೆಡ್ ಕಾನ್‌ಸ್ಟೇಬಲ್ ಎರಡು ಸ್ಟಾರು ಕಂಡಿದ್ದೇ ತಡ, ಲೋಟ ಕೆಳಗಿಟ್ಟು ಎದ್ದು ಪಟ್ಟಂತ ಸೆಲ್ಯೂಟ್ ಹೊಡೆದುಬಿಟ್ಟರು! ಫಕೀರೇಶ ಹೆದರಿ ವಾಪಸ್ ಸೆಲ್ಯೂಟ್ ಹೊಡೆದ. ಇಬ್ಬರೂ ಕೈ ಇಳಿಸುವುದು ಯಾರು ಮೊದಲು ಅಂತ ಗೊತ್ತಾಗದೆ ಹಾಗೇ ನಿಂತರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದೆ.

ಆಮೇಲೆ ಆದದ್ದು ನಗುವ ವಿಷಯವಲ್ಲ. ಅವನು ಬರೀ ಗಾರ್ಡು ಅಂತ ಗೊತ್ತಾಗಿ ಹೆಡ್ ಕಾನ್‌ಸ್ಟೇಬಲ್ ಕೆಂಪಗಾದರು. ಸಾರ್, ಇನ್ನೊಂದು ವಾರ ಬಿಟ್ಟು ಬರ್ತೀನಿ, ಆಗ ಏನ್ ನೋಡ್ತೀನೋ ಅದನ್ನೇ ಬರೀತೀನಿ ಅಂದು ಹೊರಟರು. ಬಾಗಿಲಲ್ಲಿ ನಿಂತು, ಇದನ್ನ ಹಾಕ್ಕೊಂಡು ಈ ಹುಡುಗ್ರು ರಸ್ತೇಲಿ ಸಿಕ್ಕಿದ್ರೆ ಲೈಸೆನ್ಸ್ ಹೋಗ್ಲಿ, ಮೊದಲು ಎಫ್ಐಆರ್ ಅಂದರು. ಲೈಸೆನ್ಸ್ ಇಲ್ಲವೆಂದರೆ ಫಕೀರೇಶನಿಗೂ ಅವನ ಜೊತೆಯವರಿಗೂ ಕೆಲಸವಿಲ್ಲ, ನಿಮ್ಮಪ್ಪನನ್ನು ನಂಬಿ ಬೇರೆ ಕಡೆ ಸೇರದೆ ಕೂತವರು ಅವರು. ಇನ್ನು ಕೇಸಾದರೆ? ಮಗಳು ಪೊಲೀಸ್ ಟ್ರೈನಿಂಗಿನಲ್ಲಿ, ಅಪ್ಪ ಪೊಲೀಸ್ ಬಟ್ಟೆಯ ಕೇಸಿನಲ್ಲಿ. ನೀನು ಟ್ರೈನಿಂಗ್ ಮುಗಿಸುವ ಪೆರೇಡಿನ ದಿನ ಅವರಿಗೆ ಕೋರ್ಟಿನ ತಾರೀಖು ಬಿದ್ದರೆ ನಾನು ಎಲ್ಲಿಗೆ ಹೋಗಲಿ ಹೇಳು.

ಅಷ್ಟಾದರೂ ನಿಮ್ಮಪ್ಪ ಅಲ್ಲಾಡಲಿಲ್ಲ. ಬೇಕಾದ್ರೆ ಲೈಸೆನ್ಸೇ ಬೇಡ, ಬಟ್ಟೆ ಮುಟ್ಟಬೇಡಿ ಅಂದರು. ಫಕೀರೇಶ ಮೆಟ್ಟಿಲು ಹತ್ತಿ ಹೋದ. ಅವನ ಬೆನ್ನು ನೋಡಿ ನನಗೆ ಸಂಕಟವಾಯಿತು.

ಮಾರನೇ ದಿನ ರವಿಕೆ ಬಟ್ಟೆ ಕೊಡುವ ನೆಪದಲ್ಲಿ ಬಟ್ಟೆ ಹೊಲಿದ ದ್ಯಾಮಪ್ಪನ ಅಂಗಡಿಗೆ ಹೋದೆ. ದ್ಯಾಮಪ್ಪ ನಿನ್ನ ಸ್ಕೂಲ್ ಯೂನಿಫಾರ್ಮಿನ ಕಾಲದಿಂದ ನಮ್ಮ ಮನೆಯ ಟೈಲರು. ಸುತ್ತಿ ಬಳಸಿ ಕೇಳಿದೆ, ಅದೇನಪ್ಪಾ ಗಾರ್ಡ್‌ಗಳಿಗೆ ಅಂಥಾ ಬಟ್ಟೆ ಹೊಲಿದಿದ್ದೀಯಾ. ಅವನು, ನಾ ಏನ್ ಮಾಡ್ಲಿ ಅಕ್ಕಾ, ಅಣ್ಣಾರು ಮೊಬೈಲ್‌ನಾಗ ಫೋಟೋ ತೋರಿಸಿ ಹಿಂಗೇ ಬೇಕು ಅಂದ್ರು ಅಂದ. ಜೇಬಿನ ಮಡಿಕೆ, ಕಾಲರಿನ ಚೂಪು, ಎಲ್ಲಾ ದೊಡ್ಡದು ಮಾಡಿ ಮಾಡಿ ತೋರಿಸಿದರಂತೆ. ಯಾರ ಫೋಟೋ ಅಂದೆ. ಅವನು ಕತ್ತರಿ ಕೆಳಗಿಟ್ಟು, ನಮ್ಮ ಕೀರ್ತನಾದು ಅಲ್ಲೇನ್ರಿ ಅಂದ.

ನೀನು ಟ್ರೈನಿಂಗಿಗೆ ಸೇರಿದ ಮೇಲೆ ನನ್ನ ಫೋನಿಗೆ ಕಳಿಸಿದ್ದೆಯಲ್ಲ, ಖಾಕಿ ತೊಟ್ಟು ಗಿಡದ ಪಕ್ಕ ನೆಟ್ಟಗೆ ನಿಂತಿರುವುದು, ಅದೇ. ನಾನು ತೋರಿಸುವುದಕ್ಕೆ ಹೋದಾಗ ಪೇಪರ್ ಅಡ್ಡ ಹಿಡಿದು ಕೂತಿದ್ದರು. ನನ್ನ ಫೋನಿನ ಲಾಕ್ ತೆಗೆಯುವುದು ತನಗೆ ಗೊತ್ತೇ ಇಲ್ಲ ಅಂತ ಹೇಳುತ್ತಿದ್ದ ಮನುಷ್ಯ, ಯಾವ ಮಾಯದಲ್ಲೋ ಅದನ್ನು ತಮ್ಮ ಫೋನಿಗೆ ಕಳಿಸಿಕೊಂಡಿದ್ದಾರೆ.

ಇನ್ನೊಂದು ಮಾತು ಹೇಳಿದ ದ್ಯಾಮಪ್ಪ. ಫೋಟೋದಾಗ ಸ್ಟಾರ್ ಇಲ್ಲಲ್ರಿ ಅಣ್ಣಾರ ಅಂತ ಕೇಳಿದ್ದನಂತೆ. ಅದಕ್ಕೆ ನಿಮ್ಮಪ್ಪ, ಬರ್ತವೆ, ನೀನ್ ಹಾಕು ಅಂದರಂತೆ.

ನಾನು ರವಿಕೆ ಬಟ್ಟೆಯನ್ನು ಕೊಡುವುದೇ ಮರೆತು ವಾಪಸ್ ಬಂದೆ.

ಮನೆಗೆ ಬಂದು ನನಗೆ ಗೊತ್ತಾಯಿತು ಅಂತ ಹೇಳಲಿಲ್ಲ. ಹೇಳಿದ್ದರೆ ಅವರು ಇನ್ನು ಹತ್ತು ವರ್ಷ ಆ ಅಂಗಿಯನ್ನು ಕಡ್ಲೆಹಿಟ್ಟು ಅಂತಲೇ ಸಾಧಿಸುತ್ತಿದ್ದರು. ಕಾಯ್ದೆ ತೆಗೆದು ಅದೇ ಸೆಕ್ಷನ್ನು ಮತ್ತೆ ಓದಿದೆ. ಗೊತ್ತಿದೆ ನಿಲ್ಸು, ಜೈಲು ತಾನೇ, ಹೋಗ್ತೀನಿ ಅಂದರು. ಜೈಲಿನ ವಿಷಯ ಬಿಡಿ, ಈ ಸೆಕ್ಷನ್ನು ಯಾಕೆ ಮಾಡಿದ್ದಾರೆ ಅಂತ ಯೋಚಿಸಿದ್ದೀರಾ ಅಂದೆ. ಬಿಸಿಲಲ್ಲಿ ಓಡಿ, ಮಂಡಿ ತರಚಿಕೊಂಡು, ಮನೆಯವರ ಹತ್ತಿರ ಮಾತು ಕೇಳಿಸಿಕೊಂಡು ಆ ಬಟ್ಟೆ ಸಂಪಾದಿಸಿರುತ್ತಾರಲ್ಲ ರೀ ಕೆಲವರು, ಅದನ್ನ ದುಡ್ಡು ಕೊಟ್ಟು ಟೈಲರ್ ಹತ್ರ ಹೊಲಿಸಿಕೊಂಡು ಕಂಡಕಂಡವರು ಹಾಕ್ಕೊಂಡ್ರೆ ಅವರು ಓಡಿದ್ದಕ್ಕೆ ಏನು ಬೆಲೆ ಬಂತು ಅಂದೆ. ಅಷ್ಟೇ. ಎದ್ದು ಸಾರು ಕುದಿಸಲು ಹೋದೆ.

ಊಟಕ್ಕೆ ಕೂತಾಗ ಅವರು ಮುದ್ದೆ ಮುರಿಯುತ್ತಾ, ಈ ಬಣ್ಣ ಯಾವ ಪೊಲೀಸಿನವರದ್ದೂ ಅಲ್ಲ ತಾನೇ ಅಂತ ಕೇಳಿದರು. ಯಾವ ಬಣ್ಣ ಅಂದೆ. ತಟ್ಟೆ ತೋರಿಸಿದರು.

ಬಿನ್ನಿಪೇಟೆಯಲ್ಲಿ ಮಿಲ್ಲಿನ ಕಾಲದಿಂದ ಬಟ್ಟೆಗೆ ಬಣ್ಣ ಹಾಕುವವರ ಮನೆ ಒಂದಿದೆ. ಅಂಗಿ ಪ್ಯಾಂಟುಗಳನ್ನು ಆಟೋದಲ್ಲಿ ಹೇರಿಕೊಂಡು ತಾವೇ ಹೋದರು. ಸ್ಟಾರುಗಳನ್ನೆಲ್ಲಾ ನನ್ನ ಕೈಯಲ್ಲಿ ಬಿಡಿಸಲು ಕೊಡದೆ ಒಬ್ಬರೇ ಕೂತು ಬ್ಲೇಡಿನಲ್ಲಿ ನಿಧಾನಕ್ಕೆ ಬಿಡಿಸಿ ಹಾರ್ಲಿಕ್ಸ್ ಬಾಟಲಿಗೆ ಹಾಕಿದರು. ಈಗ ಶ್ರೀ ಮುನೇಶ್ವರ ಸೆಕ್ಯೂರಿಟಿಯ ಅಧಿಕೃತ ಬಣ್ಣ ರಾಗಿಮುದ್ದೆ. ತೋಳಿಗೆ ಏಜೆನ್ಸಿಯ ತ್ರಿಶೂಲದ ಪಟ್ಟಿ, ಎಡಜೇಬಿನಲ್ಲಿ ವಿಷಲ್. ಅರಿಶಿನದ ಕಲೆ ಮಾತ್ರ ಹಾಗೇ ಉಳಿದಿದೆ, ಬಣ್ಣದವರಿಗೂ ಬಗ್ಗಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಮತ್ತೆ ಬಂದು ಫಕೀರೇಶನನ್ನು ತಲೆಯಿಂದ ಕಾಲಿನ ತನಕ ನೋಡಿ, ಈಗ ಸೆಲ್ಯೂಟ್ ನೀನ್ ಹೊಡೀಬೇಕು ಗುರು ಅಂದರು. ಹೊಡೆದ. ಎಲ್ಲರೂ ನಕ್ಕರು. ಒಳ್ಳೆಯ ವರದಿ ಬರೆದು ಕಳಿಸಿದ್ದಾರೆ. ಲೈಸೆನ್ಸ್ ಇನ್ನೂ ಬಂದಿಲ್ಲ, ಆದರೆ ಕಾಣುವ ಕಡೆ ತೂಗುಹಾಕಬೇಕು ಅಂತ ನಿಯಮ ಇದೆಯಲ್ಲ, ನಿಮ್ಮಪ್ಪ ಹಜಾರದಲ್ಲಿ ಮೊಳೆ ಹೊಡೆದು ಕೂತಿದ್ದಾರೆ. ಒಂದಲ್ಲ, ಎರಡು ಮೊಳೆ. ಎರಡನೆಯದು ಯಾತಕ್ಕೆ ಅಂದರೆ, ಗೋಡೆ ಚೆನ್ನಾಗಿ ಕಾಣಲಿ ಅಂತ ಅಂದರು. ನಿನ್ನ ಪೆರೇಡು ಮುಗಿಯಲಿ, ಆ ಮೊಳೆಗೂ ಒಂದು ಫೋಟೋ ಬೇಕಾಗುತ್ತದೆ ಅಂತ ನನ್ನ ಅಂದಾಜು.

ಇಷ್ಟೆಲ್ಲಾ ಪತ್ತೆ ಮಾಡಿದ ನಿನ್ನ ಅಮ್ಮನಿಗೆ ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಬಣ್ಣ ಹಾಕಿಸಿ ತಂದ ಗಂಟಿನಲ್ಲಿ ಒಂದು ಅಂಗಿ ಕಮ್ಮಿ ಇದೆ. ಯಾರಿಗೂ ಆಗದ ಆ ಸ್ಪೇರು. ದ್ಯಾಮಪ್ಪನನ್ನು ಕೇಳಿದರೆ, ಅದನ್ನ ಅಣ್ಣಾರನ್ನೇ ಕೇಳ್ರಿ ಅಂತ ಮಿಷನ್ ತುಳಿಯಲು ಶುರು ಮಾಡಿದ. ನೀನು ಮುಂದೆ ತನಿಖೆ ಮಾಡುವವಳು, ಏನಾದರೂ ಹೊಳೆದರೆ ಬರೆ.

ಹೊಟ್ಟೆ ತುಂಬಾ ಊಟ ಮಾಡು. ಓಡುವಾಗ ಮಂಡಿ ಜೋಪಾನ.

ತನಿಖಾಧಿಕಾರಿಯ ತಾಯಿ,
ಅಣ್ಣಮ್ಮ

ವಿ.ಸೂ.: ಈ ಕಾಗದವನ್ನು ಅಂಚೆಗೆ ಹಾಕಲು ನಿಮ್ಮಪ್ಪನ ಕೈಯಲ್ಲೇ ಕೊಡುತ್ತಿದ್ದೇನೆ. ಕವರಿಗೆ ಗೋಂದು ಹಚ್ಚುವುದು ಮರೆತುಹೋಗಿದೆ. ನಾನು ಯಾವುದನ್ನೂ ಮರೆಯುವವಳಲ್ಲ ಅಂತ ನಿನಗೆ ಗೊತ್ತು.

ಕೀರ್ತನಾ, ಇದು ಅಪ್ಪ. ಕವರು ಅಂಟಿಸಿರಲಿಲ್ಲ, ಗಾಳಿಗೆ ತೆರೆದುಕೊಂಡಿತು. ನಿಮ್ಮಮ್ಮ ಬರೆದಿರುವುದರಲ್ಲಿ ಅರ್ಧ ಉತ್ಪ್ರೇಕ್ಷೆ. ಬಟ್ಟೆ ಕಡ್ಲೆಹಿಟ್ಟಿನ ಬಣ್ಣವೇ ಇತ್ತು. ಪೆರೇಡು ನೋಡಲು ತಂದೆಯನ್ನೂ ಬಿಡುತ್ತಾರಾ, ತಾಯಿಯನ್ನು ಮಾತ್ರವಾ, ವಿಚಾರಿಸಿ ತಿಳಿಸು. ಬಿಡುವುದಾದರೆ ಬಿಳಿ ಪಂಚೆಯಲ್ಲಿ ಬರುತ್ತೇನೆ, ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ, ನೋಡಿದ್ದೇನೆ. ಆ ಅಂಗಿ ನನ್ನ ಬೀರುವಿನಲ್ಲಿದೆ. ಯಾರೂ ಹಾಕಿಕೊಂಡು ಹೊರಗೆ ಹೋಗಿಲ್ಲ. ಅಳತೆಗೆ ನಿನ್ನ ಹಳೇ ಎನ್‌ಸಿಸಿ ಅಂಗಿ ಕೊಟ್ಟಿದ್ದೆ, ತೋಳು ಈಗ ಗಿಡ್ಡವಾಗಬಹುದು. ಅದು ಸ್ಪೇರ್ ಅಲ್ಲ.